ಮಗ್ಗದ ಕೆಳಗಿನ ಹಾಸಿಗೆ

ಫಾನ್ ಶೌಗೆನ್ ನೇಯುತ್ತಿದ್ದ ಬುದ್ಧನ ಮುಖವನ್ನು ನಮ್ಮ ಓಣಿಯಲ್ಲಿ ನೆಟ್ಟಗೆ ನೋಡಿದವಳು ಒಬ್ಬಳೇ, ಅವನ ಹೆಂಡತಿ ಆಚಿಯಾವ್. ಅವಳು ನೋಡಿದ್ದೂ ಮಲಗಿಕೊಂಡು, ಕೆಳಗಿನಿಂದ. ನೇಯುವವನಿಗೇ ಅದು ಕಾಣುತ್ತಿರಲಿಲ್ಲ. ಸುಚೌ ಸೀಮೆಯ ಚಿತ್ರರೇಷ್ಮೆಯನ್ನು ಬೋರಲು ಹಾಕಿಯೇ ನೇಯುವುದು. ಚಿತ್ರದ ಬೆನ್ನು ಮೇಲೆ, ಮುಖ ನೆಲಕ್ಕೆ. ನೇಕಾರನ ಕಣ್ಣೆದುರು ಇರುವುದೆಲ್ಲ ಕತ್ತರಿಸಿಬಿಟ್ಟ ನೂಲಿನ ತುದಿಗಳು, ಕೂದಲುಕೂದಲಾಗಿ. ಉಳಿದ ನೇಕಾರರು ಮಗ್ಗದ ಕೆಳಗೆ ಒಂದು ಕನ್ನಡಿ ಇಟ್ಟು ಆಗಾಗ ಬಗ್ಗಿ ನೋಡುತ್ತಾರೆ. ಶೌಗೆನ್ ಕನ್ನಡಿ ತೆಗೆದು ಮೂಲೆಗಿಟ್ಟು ಆ ಜಾಗದಲ್ಲಿ ಹೆಂಡತಿಯನ್ನು ಮಲಗಿಸಿದ್ದ.

ನಾನು ಬಣ್ಣದ ಲೂ ಮನೆಯವಳು. ಇಡೀ ಓಣಿಯ ನೂಲಿಗೆ ಬಣ್ಣ ಹಾಕುವ ಬಾನಿಗಳು ನಮ್ಮ ಅಂಗಳದಲ್ಲೇ ಇದ್ದವು. ಕೈ ಯಾವತ್ತೂ ಮೊಣಕೈವರೆಗೆ ನೀಲಿ. ನಮಗೂ ಫಾನ್ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಯಾರು ಸೀನಿದರು, ಯಾರು ಯಾರನ್ನು ಬೈದರು ಎಂಬುದು ನಮಗೆ ಕೇಳುತ್ತಿತ್ತು. ಬೈಯುತ್ತಿದ್ದವಳು ಯಾವಾಗಲೂ ಅವಳೇ. ಆ ಮನುಷ್ಯನ ಬಾಯಿಂದ ಮಾತು ಹೊರಡಿಸುವುದೆಂದರೆ ಒಣಗಿದ ಬಾವಿಯಲ್ಲಿ ನೀರು ಸೇದಿದ ಹಾಗೆ.

ಆಚಿಯಾವ್ ಕಾಲುವೆಯ ಕಲ್ಲುಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮೂಳೆ ಕೂಡಿಸುವವನು ಬಂದು ಎಳೆದ, ತಟ್ಟಿದ, ಗಿಡಮೂಲಿಕೆ ಅರೆದು ಕಟ್ಟಿದ, ಹೋದ. ಅವಳು ಏಳಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಕಾಲು ಊದಿಕೊಂಡಿತು, ಮಾತಾಡಿದರೆ ಏದುಸಿರು. ಒಳಕೋಣೆಯ ಕತ್ತಲಲ್ಲಿ ಒಬ್ಬಳೇ ಬಿದ್ದಿರಲಾರೆ ಎಂದು ದಿನವೂ ಕೂಗಾಡಿದಳು. ಕೊನೆಗೆ ಶೌಗೆನ್ ಹಲಗೆಯೊಂದರ ಮೇಲೆ ಹಾಸಿಗೆ ಹಾಸಿ ಅವಳನ್ನು ಮಗ್ಗದ ಅಡಿಗೇ ಸರಿಸಿದ. ಅವನು ತುಳಿಯುವ ಕಾಲ್ಮಣೆಗಳ ಪಕ್ಕದಲ್ಲೇ ಅವಳ ದಿಂಬು.

ಅವನು ಆಗ ಹಾಕಿಕೊಂಡಿದ್ದ ಕೆಲಸವೇ ಆ ಬುದ್ಧ. ಪಟ್ಟಣದ ಟಾವೋ ಮನೆಯ ಮುದುಕಮ್ಮ ಹಾಸಿಗೆ ಹಿಡಿದಿದ್ದಳು. ಅವಳ ಮಕ್ಕಳು ದಲ್ಲಾಳಿ ಯಾನ್‌ನ ಮೂಲಕ ಹೇಳಿಕಳಿಸಿದ್ದರು: ಕಮಲದ ಮೇಲೆ ನಿಂತು, ಬಲಗೈ ಕೆಳಗೆ ಚಾಚಿ, ಸಾಯುವವರನ್ನು ಪಶ್ಚಿಮದ ಲೋಕಕ್ಕೆ ಕರೆದೊಯ್ಯಲು ಬರುವ ಅಮಿತಾಭ ಬುದ್ಧ ಬೇಕು, ರೇಷ್ಮೆಯಲ್ಲೇ ನೇಯ್ದದ್ದು ಬೇಕು, ಅಮ್ಮ ಕಣ್ಣುಮುಚ್ಚುವ ಮೊದಲು ಮಂಚದ ಎದುರಿಗೆ ತೂಗುಹಾಕಬೇಕು. ಅಂಥದ್ದು ನೇಯಬಲ್ಲವರು ನಮ್ಮಲ್ಲಿ ಹೆಚ್ಚು ಜನ ಉಳಿದಿರಲಿಲ್ಲ. ಉದ್ದಗೂದಲಿನ ದಂಗೆಯವರು ಊರು ಹಿಡಿದಾಗ ಅರ್ಧ ಜನ ಸತ್ತರು, ಉಳಿದವರಲ್ಲಿ ಅರ್ಧ ಜನ ಓಡಿಹೋದರು. ನಮ್ಮೂರ ಗುಡಿಯ ಬುದ್ಧನ ತಲೆ ಒಡೆದು ಕಾಲುವೆಗೆ ಎಸೆದವರೂ ಅವರೇ. ಖಾಲಿ ಪೀಠದ ಮೇಲೆ ಈಗ ಯಾರೋ ಮೂಲಂಗಿ ಒಣಹಾಕುತ್ತಾರೆ.

ಆಚಿಯಾವ್‌ಳ ಇಬ್ಬರು ಗಂಡುಮಕ್ಕಳೂ ದಂಗೆಯ ವರ್ಷದ ಜ್ವರದಲ್ಲೇ ಹೋದವರು. ಮಕ್ಕಳ ಮಾತನ್ನು ಅವಳು ಎತ್ತುತ್ತಿರಲಿಲ್ಲ. ಆದರೆ ಹಾಸಿಗೆ ಹಿಡಿದ ಮೇಲೆ ಒಂದೇ ಚಿಂತೆ ಹಿಡಿಯಿತು. ಹೆತ್ತ ಹೆಂಗಸು ಸತ್ತರೆ ರಕ್ತದ ಕೊಳಕ್ಕೆ ಬೀಳುತ್ತಾಳೆ, ಹೆರಿಗೆಯಲ್ಲಿ ಹರಿಸಿದ್ದನ್ನೆಲ್ಲ ಅಲ್ಲಿ ನಿಂತು ಕುಡಿಯಬೇಕು ಎಂದು ನಮ್ಮಲ್ಲಿ ಹಾಲುಕುಡಿಯುವ ಮಗುವಿಗೂ ಗೊತ್ತು. ಮಗನಿದ್ದರೆ ಶಾಸ್ತ್ರ ಮಾಡಿಸಿ ತಾಯಿಯನ್ನು ಮೇಲೆತ್ತುತ್ತಾನೆ. ಗಂಡ ಮಾಡಿಸಿದರೆ ನಡೆಯದು. ಈ ಕೊಳ ಅಗೆದವನು ಗಂಡಸೇ ಇರಬೇಕು, ನನಗೆ ಅನುಮಾನವಿಲ್ಲ. ಆಚಿಯಾವ್‌ಗೆ ಮಗನಿರಲಿಲ್ಲ. ಅವಳನ್ನು ಎತ್ತಬಲ್ಲ ಕೈ ಒಂದೇ ಉಳಿದಿತ್ತು, ಅದು ಗಂಡನ ಮಗ್ಗದ ಮೇಲಿತ್ತು.

"ಅಕ್ಕಾ, ಸಂತೇಲಿ ಅಚ್ಚು ಹಾಕಿದ ಕಾಗದದ ಬುದ್ಧ ಸಿಗುತ್ತಲ್ಲ, ತಂದು ಅಂಟಿಸಲಾ?" ಎಂದು ಒಮ್ಮೆ ಕೇಳಿದೆ.

"ಅದರ ಕಣ್ಣೆಲ್ಲೋ ಮೂಗೆಲ್ಲೋ! ಅದು ನನ್ನನ್ನ ಹುಡುಕ್ಕೊಂಡು ಬರೋ ಹೊತ್ತಿಗೆ ಪಕ್ಕದೂರಿಗೆ ಹೋಗಿಬಿಟ್ಟಿರುತ್ತೆ," ಎಂದಳು. "ನನಗೆ ನಮ್ಮನೆಯವರು ನೇಯ್ದಿದ್ದೇ ಬೇಕು ಕಣೇ. ಆ ಮುಖ ನನ್ನ ಮೇಲೆ ಇರುವಾಗಲೇ ಪ್ರಾಣ ಹೋಗಬೇಕು. ಅಷ್ಟೇ ನಾನು ಕೇಳಿರೋದು."

ಅಷ್ಟೇ ಎಂದಳು. ಆದರೆ ಮಗ್ಗಕ್ಕೆ ಅದರದೇ ನಡೆ ಇದೆ. ನೇಯ್ದದ್ದೆಲ್ಲ ಹಾಗೇ ಚಾಚಿಕೊಂಡಿರುವುದಿಲ್ಲ. ಮೊಳದಷ್ಟು ಆದ ಹಾಗೆ ನೇಕಾರನ ಹೊಟ್ಟೆಯ ಹತ್ತಿರದ ಸುತ್ತುಮರಕ್ಕೆ ಸುತ್ತಿಕೊಂಡು ಕಣ್ಮರೆಯಾಗುತ್ತದೆ. ಒಮ್ಮೆ ಸುತ್ತಿದ್ದನ್ನು ಕೆಲಸ ಮುಗಿಯುವವರೆಗೆ ಬಿಚ್ಚುವಂತಿಲ್ಲ, ಬಿಚ್ಚಿದರೆ ಹಾಸುನೂಲಿನ ಬಿಗಿ ಹೋಗಿ ಚಿತ್ರ ಸೊಟ್ಟಗಾಗುತ್ತದೆ. ಬುದ್ಧನನ್ನು ಪಾದದಿಂದ ಶುರುಮಾಡಿದ್ದರು. ಕಮಲ ಬಂತು, ಹೋಯಿತು. ಉಡುಪಿನ ಅಂಚು, ಮಡಿಕೆ, ಚಾಚಿದ ಕೈ ಬಂದವು, ಅವೂ ಒಂದೊಂದಾಗಿ ಸುತ್ತುಮರ ಸೇರಿದವು. ಮುಖವೂ ಬಂದು ಹೋಗಲೇಬೇಕಿತ್ತು, ಅದರಾಚೆ ಪ್ರಭಾವಳಿ, ಆಕಾಶ, ಮೋಡ ನೇಯುವುದಿತ್ತು.

ಕೈ ನೇಯುವಾಗ ಅವಳು ಅವನಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ನಾನು ನೂಲು ಕೊಡಲು ಹೋದಾಗಲೆಲ್ಲ ಮಗ್ಗದಡಿಯಿಂದ ಧ್ವನಿ ಬರುತ್ತಿತ್ತು.

"ಕಿರುಬೆರಳು ದಪ್ಪ ಆಯ್ತು. ಕೇಳಿಸ್ತಾ? ಉಗುರಿನ ಹತ್ರ ಎರಡೆಳೆ ತೆಗೀರಿ."

ಅವನು ತೆಗೆಯುತ್ತಿದ್ದ. ಬಿದಿರೆಲೆಯಷ್ಟು ಪುಟ್ಟ ಲಾಳಿಗಳು ಅವನ ಮುಂದೆ ಸಾಲಾಗಿ ಬಿದ್ದಿರುತ್ತಿದ್ದವು, ಒಂದೊಂದರಲ್ಲಿ ಒಂದೊಂದು ಬಣ್ಣ. ಒಂದು ಬೆರಳಿಗೇ ಐದಾರು ಲಾಳಿ ಬೇಕು.

"ತುಟಿ ನೋಡಿದ್ರೆ ಹುಳಿ ಪ್ಲಮ್ ಕಚ್ಚಿದ ಹಾಗಿದೆ," ಎಂದಳು ಮುಖ ಶುರುವಾದಾಗ. "ಸಾಯೋರನ್ನ ಕರ್ಕೊಂಡು ಹೋಗೋಕೆ ಬಂದೋನು ಇಷ್ಟು ಸಿಡುಕಿದ್ರೆ ಯಾರು ಹೋಗ್ತಾರೆ ಅವನ ಹಿಂದೆ? ನಿಮ್ಮ ತುಟಿ ನೋಡಿ ನೋಡಿ ನೇಯ್ತಿದೀರಾ ಹೆಂಗೆ?"

ಶೌಗೆನ್ ನಕ್ಕ. ಬುದ್ಧನ ಕೆಲಸ ಹಿಡಿದ ದಿನದಿಂದ ಆ ಮನೆಯಲ್ಲಿ ಮೀನಿಲ್ಲ, ಈರುಳ್ಳಿಯಿಲ್ಲ. ಗಂಜಿ ಮತ್ತು ಉಪ್ಪಿನ ಸಾಸಿವೆಸೊಪ್ಪು ತಿಂದು ತಿಂದು ಅವನ ಕೆನ್ನೆ ಒಳಗೆ ಹೋಗಿತ್ತು. ಅವನು ನಕ್ಕದ್ದನ್ನು ನಾನು ಆ ವರ್ಷ ನೋಡಿದ್ದು ಅದೊಂದೇ ಸಲ.

ತುಟಿ ಬಿಚ್ಚಿ ಮತ್ತೆ ನೇಯ್ದ. ಮೂಗು, ಕೆನ್ನೆ, ಅರ್ಧ ಮುಚ್ಚಿದ ಕಣ್ಣು, ಹುಬ್ಬಿನ ನಡುವಿನ ಬೊಟ್ಟು, ಹಣೆ, ನೀಲಿಗಪ್ಪು ಕೂದಲು. ಮುಖ ಪೂರ್ತಿಯಾದ ದಿನ ಅವಳು ಏನು ತಪ್ಪು ಹುಡುಕುತ್ತಾಳೋ ಎಂದು ಶೌಗೆನ್ ಕಾದು ಕೂತ. ಬಗ್ಗಿ, "ಹೆಂಗಿದೆ?" ಎಂದ.

"ಸುಮ್ನಿರಿ," ಎಂದಳು. ಅಳುತ್ತಿದ್ದಳು.

ಅವತ್ತು ಸಂಜೆ ಅವನು ನಮ್ಮ ಅಂಗಳಕ್ಕೆ ಬಂದು ಬಾನಿಯ ಪಕ್ಕ ನಿಂತ. ನಾನು ನೀಲಿ ಹಿಂಡುತ್ತಿದ್ದೆ.

"ತಂಗಿ, ಆಕಾಶಕ್ಕೆ ಕೇಳಿದ್ನಲ್ಲ ನೀಲಿ, ಅದು ಇನ್ನೂ ಆಗಿಲ್ಲ," ಎಂದ.

"ಆಗಿದೆ ಅಣ್ಣ. ನೋಡಿ, ಒಣಗೂ ಒಣಗಿದೆ."

"ಆಗಿಲ್ಲ," ಎಂದ ಮತ್ತೆ. "ಬಣ್ಣ ಹಿಡೀಲಿಲ್ಲ. ಯಾನ್ ಕೇಳಿದ್ರೆ ಹಂಗೇ ಹೇಳು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಸಾಯುವವರೆಗೆ ಮಗ್ಗ ನಿಲ್ಲಿಸಲು ಹೊರಟಿದ್ದ. ಮುಖ ಅವಳ ಮೇಲೆ ಹಾಗೇ ಇರಲಿ ಎಂದು. ವೈದ್ಯನೂ ಇನ್ನು ಕೆಲವು ದಿನ ಅಷ್ಟೇ ಎಂದಿದ್ದ. ನಾನು ನೂಲನ್ನು ಎತ್ತಿ ಅಟ್ಟದ ಮೇಲೆ ಬಿಸಾಕಿದೆ.

ದಲ್ಲಾಳಿ ಯಾನ್ ಬಂದ. ಮನುಷ್ಯ ಕೆಟ್ಟವನಲ್ಲ, ಆದರೆ ಯಾವ ಮನೆಗೆ ಹೋದರೂ ಅಲ್ಲಿ ಬೆಂಕಿ ಬಿದ್ದಿದೆಯೇನೋ ಎಂಬಂತೆ ನುಗ್ಗುತ್ತಿದ್ದ. "ಅಲ್ರೀ ಲೂ ಮನೆಯಮ್ಮ, ನಿಮ್ಮ ಜನ್ಮದಲ್ಲಿ ನೀಲಿ ಕೆಟ್ಟಿದ್ದುಂಟಾ? ಕೈ ನೋಡಿದ್ರೆ ಆಕಾಶಾನೇ ಉಟ್ಕೊಂಡಿದೀರಿ!"

"ಬಾನಿ ಹುಳಿ ಬಂತು. ಬೇಕಾದ್ರೆ ನೆಕ್ಕಿ ನೋಡಿ," ಎಂದೆ.

ಅವನು ಹೋದ. ಮತ್ತೆ ಬಂದ. ಟಾವೋ ಮನೆಯ ಮುದುಕಮ್ಮನಿಗೆ ಗಂಟಲಲ್ಲಿ ಗಂಜಿನೀರೂ ಇಳಿಯುತ್ತಿಲ್ಲ, ಬುದ್ಧ ಎಲ್ಲಿ ಬುದ್ಧ ಎಲ್ಲಿ ಎಂದು ಗೋಡೆ ತಡಕುತ್ತಾಳೆ ಎಂದು ಕಣ್ಣೀರು ತಂದುಕೊಂಡು ಹೇಳಿದ. ಸುಳ್ಳಲ್ಲ, ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ಮುದುಕಿಗೂ ಕೊಳದ ಭಯವೇ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇಬ್ಬರು ಹೆಂಗಸರು, ಒಂದು ಕೈ. ಆದರೆ ಟಾವೋ ಮುದುಕಿಗೆ ಶಾಸ್ತ್ರ ಮಾಡಿಸಲು ಮಕ್ಕಳಿದ್ದರು. ಆಚಿಯಾವ್‌ಗೆ ಇದ್ದವಳು ನಾನು, ಒಬ್ಬ ಸುಳ್ಳುಗಾತಿ.

ತಮಾಷೆಯೆಂದರೆ ಅವಳು ಸಾಯಲಿಲ್ಲ. ಬುದ್ಧನ ಮುಖ ನೋಡುತ್ತ ಮಲಗಿದವಳಿಗೆ ಉಸಿರಾಟ ಸರಿಹೋಯಿತು, ಕಾಲಿನ ಊತ ಇಳಿಯಿತು. ಶೌಗೆನ್ ಕೆಲಸವಿಲ್ಲದೆ ಮಗ್ಗದ ಮುಂದೆ ಕೈಕಟ್ಟಿಕೊಂಡು ಕೂತಿರುತ್ತಿದ್ದ, ಹೆಂಡತಿಗೆ ಕೇಳಿಸಲಿ ಎಂದು ಸುಮ್ಮನೆ ಕಾಲ್ಮಣೆ ತುಳಿಯುತ್ತಿದ್ದ. ಅವಳು ದಡ್ಡಿಯೇ? ಮೇಲೆ ಒಂದೆಳೆಯೂ ಸೇರುತ್ತಿಲ್ಲವೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ದಿನ ಯಾನ್ ಬಾಗಿಲಲ್ಲಿ ನಿಂತು, ಇನ್ನು ತಡವಾದರೆ ಟಾವೋ ಮನೆಯವರು ಆಳುಗಳನ್ನು ಕಳಿಸಿ ಮಗ್ಗವನ್ನೇ ಹೊತ್ತೊಯ್ಯುತ್ತಾರೆ, ನಿನ್ನ ಕೈಗೆ ಇನ್ನು ಯಾರೂ ಕೆಲಸ ಕೊಡುವುದಿಲ್ಲ ಎಂದು ಕೂಗಿದ್ದೂ ಅವಳ ಕಿವಿಗೆ ಬಿತ್ತು.

ಅವಳನ್ನು ಒರೆಸಿ ಬಟ್ಟೆ ಬದಲಿಸುವ ಕೆಲಸ ನನ್ನದಾಗಿತ್ತು. ಆಮೇಲೊಂದು ಬೆಳಿಗ್ಗೆ ಬೆನ್ನಿನಡಿಯ ಹಳೆ ಬಟ್ಟೆ ಎಳೆದರೆ ಹುಳಿ ನಾತ ಹೊಡೆಯಿತು. ಹಾಸಿಗೆಗೂ ಹಲಗೆಗೂ ನಡುವೆ ರೇಷ್ಮೆಯ ಚಿಂದಿ ತುರುಕಿದ್ದಳು, ಚಿಂದಿ ತುಂಬ ಗಂಜಿ. ಎಷ್ಟು ಹೊತ್ತಿನದೋ, ಬೂಷ್ಟು ಹಿಡಿದಿತ್ತು. ಗಂಡ ಬಟ್ಟಲು ಕೊಟ್ಟು ಆಚೆ ತಿರುಗಿದಾಗಲೆಲ್ಲ ಅಲ್ಲಿಗೆ ಸುರಿಯುತ್ತಿದ್ದಳು. ಕೈ ಹಿಡಿದು ನೋಡಿದೆ, ಮಣಿಕಟ್ಟಿನಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ.

"ಏನಿದು ಅಕ್ಕ? ಏನ್ ಮಾಡ್ಕೊಂಡಿದೀಯ?"

"ಬಾಯಿ ಮುಚ್ಚು. ಸಾವು ಬರ್ತಿಲ್ಲ ಕಣೇ. ನಾನು ಕರೆದ್ರೆ ಅದೂ ಬರಲ್ಲ. ನಾನೇ ಸ್ವಲ್ಪ ಮುಂದೆ ಹೋಗಿ ಕರ್ಕೊಂಡು ಬರ್ತೀನಿ. ಬೇಗ ಹೋದ್ರೆ ಅವರು ಬೇಗ ಮುಗಿಸಿ ಕೊಡ್ತಾರೆ. ಎಲ್ಲರಿಗೂ ಒಳ್ಳೇದು. ಅವರ ಹತ್ರ ಬಾಯಿ ಬಿಟ್ಟೀಯಾ, ಸತ್ತು ದೆವ್ವ ಆಗಿ ನಿನ್ನ ಬಾನಿಯಲ್ಲೇ ಕೂತ್ಕೋತೀನಿ."

ನನಗೆ ರೇಗಿಹೋಯಿತು. ಗಂಜಿಯ ಗಬ್ಬು ಬಟ್ಟೆಯನ್ನು ಹಾಗೇ ಎತ್ತಿಕೊಂಡು ಹಿತ್ತಲಿಗೆ ಹೋದೆ. ಶೌಗೆನ್ ಒಲೆ ಊದುತ್ತಿದ್ದ. ಅವನ ಮುಂದೆ ಬಟ್ಟೆ ಬಿಸಾಕಿದೆ. "ನೋಡ್ಕೊಳ್ಳಿ ನಿಮ್ಮ ಪುಣ್ಯದ ಕೆಲಸ," ಎಂದೆ. ಹೇಳಿದ್ದು ತಪ್ಪೆಂದು ನನಗೆ ಅವತ್ತೂ ಅನಿಸಲಿಲ್ಲ, ಈವತ್ತೂ ಅನಿಸುವುದಿಲ್ಲ. ಪಕ್ಕದ ಗೋಡೆಯಾಚೆ ಒಬ್ಬಳು ಹಸಿದು ಸಾಯುವುದನ್ನು ಕೇಳಿಕೊಂಡು ನಾನು ಉಣ್ಣಲಾರೆ.

ಅವನು ಬಟ್ಟೆಯನ್ನು ನೋಡಿದ, ಮೂಸಿದ. ಎದ್ದು ಕೈ ತೊಳೆದುಕೊಂಡ. ನೆಟ್ಟಗೆ ಮಗ್ಗಕ್ಕೆ ಹೋಗಿ ಸುತ್ತುಮರದ ಹಿಡಿ ಹಿಡಿದ.

ಮರ ಕಿರುಗುಟ್ಟಿತು. ಕೆಳಗಿನಿಂದ ಅವಳು, "ಏನ್ ಮಾಡ್ತಿದೀರಿ?" ಎಂದಳು.

"ಕೆಲಸ."

"ಸುತ್ತಬೇಡಿ. ರೀ, ಸುತ್ತಬೇಡಿ! ಗಲ್ಲ ಹೋಯ್ತು... ಇನ್ನೆರಡು ದಿನ ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೆರಡು ದಿನ ಸಾಕು ನನಗೆ."

"ನೀನು ಸಾಯೋಕೆ ನಾನು ಇದನ್ನ ನಿಲ್ಸಿರಲಿಲ್ಲ," ಎಂದ ಶೌಗೆನ್.

"ಮತ್ಯಾಕೆ ನಿಲ್ಸಿದ್ರಿ?"

ಅವನು ಸುತ್ತಿದ. ಅವಳು ಒಂದು ಕೈ ಎತ್ತಿ ಮಗ್ಗದಡಿಯ ಬಟ್ಟೆಯನ್ನು ಹಿಡಿಯಲು ನೋಡಿದಳು. ಬೆರಳು ಮುಟ್ಟಲಿಲ್ಲ. ತುಟಿ ಹೋಯಿತು, ಕಣ್ಣು ಹೋಯಿತು, ಹಣೆಯೂ ಹೋಯಿತು. ಅವಳು ಅವನನ್ನು ಬೈದ ಬೈಗುಳ ನಾನು ಬಾಯಲ್ಲಿ ಹೇಳಲಾರೆ. ಓಣಿಯ ತುದಿಯಲ್ಲಿ ಹಂದಿ ಕಡಿಯುವವನೂ ಕತ್ತಿ ನಿಲ್ಲಿಸಿ ಕೇಳಿದನಂತೆ.

ಮಧ್ಯಾಹ್ನ ಗಂಜಿ ಕೊಟ್ಟಾಗ ಬಟ್ಟಲನ್ನು ಕಿತ್ತುಕೊಂಡು ಪೂರ್ತಿ ಕುಡಿದಳು. "ಇನ್ಯಾಕೆ ಸಾಯ್ಲಿ? ಯಾರಿದಾರೆ ಮೇಲೆ ನನ್ನ ಕರ್ಕೊಂಡು ಹೋಗೋಕೆ?" ಎಂದಳು. ಅವನು ಕೇಳಿಸಿಕೊಂಡು ಲಾಳಿ ಹಾಯಿಸಿದ. ನಾನು ಅಟ್ಟ ಹತ್ತಿ ನೀಲಿ ನೂಲು ಇಳಿಸಿದೆ.

ಆಕಾಶ ಮುಗಿಯಿತು. ಬುದ್ಧನನ್ನು ಕತ್ತರಿಸಿ ಇಳಿಸಿದ ದಿನ ಅವನು ಬಟ್ಟೆ ಪೂರ್ತಿ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮುಖ ಅವಳ ಕಡೆಗೆ ತಿರುಗಿಸಿದ. ನಾನೂ ಆಗಲೇ ಒಂದು ತುಣುಕು ನೋಡಿದ್ದು, ಪಕ್ಕದಿಂದ.

"ನೋಡು," ಎಂದ.

ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. "ಮಗ್ಗದ ಮೇಲಿರೋ ತನಕ ನಮ್ಮದು. ಇಳಿದ ಮೇಲೆ ಟಾವೋ ಮನೇದು. ಬೇರೆಯವರ ಮನೆ ದೇವರನ್ನ ನಾನ್ಯಾಕೆ ನೋಡ್ಲಿ? ತಗೊಂಡು ಹೋಗಿ."

ಅವನು ಮಡಿಸಿ ಯಾನ್‌ಗೆ ಕೊಟ್ಟ. ಟಾವೋ ಮನೆಯಲ್ಲಿ ಅದನ್ನು ತೂಗುಹಾಕಿದ ವಾರದೊಳಗೆ ಮುದುಕಮ್ಮ ಎದ್ದು ಕೂತಳಂತೆ, ಏಡಿ ಬೇಕೆಂದು ಕೇಳಿದಳಂತೆ. ಇನ್ನೂ ಬದುಕಿದ್ದಾಳೆ. ಯಾನ್ ಇದನ್ನು ಎಲ್ಲರ ಮನೆಯಲ್ಲೂ ಪವಾಡ ಎಂದು ಹೇಳಿಕೊಂಡು ಬಂದ. ಶೌಗೆನ್‌ನ ಕೈಗುಣ ದೊಡ್ಡದು ಎಂದ. ಮುಂದಿನ ಕೆಲಸವನ್ನೂ ಅವನೇ ತಂದ: ಯಾವುದೋ ಅಧಿಕಾರಿ ಎದೆಯ ಮೇಲೆ ಹೊಲಿಸಿಕೊಳ್ಳುವ ದರ್ಜೆಯ ಚೌಕ, ಅದರಲ್ಲಿ ಅಲೆಗಳ ನಡುವಿನ ಬಂಡೆಯ ಮೇಲೆ ಒಂದು ಬೆಳ್ಳಕ್ಕಿ, ಮೇಲೆ ಮೋಡ.

ಆಚಿಯಾವ್ ಆ ಬೆಳ್ಳಕ್ಕಿಯ ಕೆಳಗೇ ಮಲಗಿದಳು. ಒಳಕೋಣೆಗೆ ಒಯ್ಯಲಾ ಎಂದರೆ ಬೇಡ ಎಂದಳು. ಉಣ್ಣುತ್ತಿದ್ದಳು. ಆದರೆ ಆ ಉಪವಾಸ ಒಳಗೆ ಏನನ್ನು ಕೆಡಿಸಿತ್ತೋ, ಉಂಡದ್ದು ಮೈಗೆ ಹತ್ತಲಿಲ್ಲ, ಊತ ಮತ್ತೆ ಬಂತು, ಈ ಸಲ ಹೊಟ್ಟೆಯವರೆಗೆ. ಗಂಡನ ಜೊತೆ ಮಾತು ಬಿಟ್ಟಿದ್ದಳು. ಬೆಳ್ಳಕ್ಕಿ ಸರಿಯಿದೆಯೋ ಇಲ್ಲವೋ ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಮೂಲೆಯ ಕನ್ನಡಿಯನ್ನು ಒರೆಸಿ ತಂದು ಅವಳ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡ. ಇಬ್ಬರೂ ಹೀಗೆ ಒಂದೇ ಮಗ್ಗದ ಮೇಲೂ ಕೆಳಗೂ ಬೇಸಿಗೆ ಕಳೆದರು.

ಹಲಸಂದೆ ಬಿಡಿಸುವ ಕಾಲದಲ್ಲಿ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಅವನು ನನ್ನನ್ನು ಕೂಗಿದ. ಆ ಮನುಷ್ಯ ಕೂಗಿದ್ದನ್ನು ನಾನು ಕೇಳಿರಲೇ ಇಲ್ಲ. ಹೋಗಿ ನೋಡಿದರೆ ಅವಳ ಉಸಿರು ಗಂಟಲಲ್ಲಿ ಗೊರಗೊರ ಎನ್ನುತ್ತಿತ್ತು. ಕಣ್ಣು ಮಾತ್ರ ಪೂರ್ತಿ ತೆರೆದಿತ್ತು, ಮೇಲೆ ನೋಡುತ್ತಿದ್ದಳು. ಮೇಲೆ ಬೆಳ್ಳಕ್ಕಿಯ ತಲೆ, ಅದರಾಚೆ ಇನ್ನೂ ನೇಯದ ಬರೀ ಹಾಸುನೂಲು.

"ಕೊಳ," ಎಂದಳು ನನ್ನ ಕೈ ಹಿಡಿದು. "ಕೊಳದ ವಾಸನೆ ಬರ್ತಿದೆ ಕಣೇ." ಅವಳ ಉಗುರು ನನ್ನ ಕೈಗೆ ನಾಟಿತು. ಅಂಥ ಭಯವನ್ನು ನಾನು ದಂಗೆಯ ಕಾಲದಲ್ಲೂ ಯಾರ ಮುಖದಲ್ಲೂ ನೋಡಿಲ್ಲ.

ಶೌಗೆನ್ ನಿಂತಲ್ಲೇ ಎರಡು ಸಲ ತಿರುಗಿದ. ಆಮೇಲೆ ಮೋಡದ ಗೆರೆ ಗುರುತು ಹಾಕಲು ಇಟ್ಟುಕೊಂಡಿದ್ದ ಕುಂಚ ತೆಗೆದುಕೊಂಡು ಮಸಿಯಲ್ಲಿ ಅದ್ದಿದ. ಮಗ್ಗದ ಪಕ್ಕ ನೆಲಕ್ಕೆ ಅಂಗಾತ ಬಿದ್ದು, ತೆವಳಿಕೊಂಡು ಹೆಂಡತಿಯ ಪಕ್ಕಕ್ಕೆ ಸೇರಿಕೊಂಡ. ಕೆಳಗಿನಿಂದಲೇ ಕೈ ಎತ್ತಿ ಬಿಗಿದ ನೂಲಿನ ಮೇಲೆ ಬರೆಯತೊಡಗಿದ. ಮಸಿ ಅವನ ಮುಖದ ಮೇಲೂ ಅವಳ ಮುಖದ ಮೇಲೂ ತೊಟ್ಟಿಕ್ಕಿತು. ಮೊದಲು ಹಣೆ, ಹುಬ್ಬು, ಮೂಗು. ಎಳೆಗೂ ಎಳೆಗೂ ನಡುವೆ ಸಂದು ಇತ್ತಲ್ಲ, ಗೆರೆ ನಿಲ್ಲುತ್ತಿರಲಿಲ್ಲ. ನೇಯುವಾಗ ಎಂದೂ ತಪ್ಪದ ಕೈ ಬರೆಯುವಾಗ ತಪ್ಪಿತು. ತುಟಿ ಸೊಟ್ಟಗಾಯಿತು. ಒಂದು ಕಣ್ಣು ಮೇಲೆ, ಒಂದು ಕೆಳಗೆ.

"ಬಂದ ನೋಡು," ಎಂದ ಅವಳ ಕಿವಿಯಲ್ಲಿ. "ನಿನಗೇ ಬಂದಿದಾನೆ. ಟಾವೋ ಮನೇದಲ್ಲ ಇದು."

ಅವಳು ತುಂಬ ಹೊತ್ತು ನೋಡಿದಳು. ಗೊರಗೊರ ನಿಂತು ಮತ್ತೆ ಶುರುವಾಯಿತು.

"ಇದ್ಯಾರು?" ಎಂದಳು. "ನಿಮ್ಮಪ್ಪನ ಹಾಗಿದಾನೆ."

"ಹೌದು," ಎಂದ ಶೌಗೆನ್. "ಹಂಗೇ ಇದಾನೆ."

"ಕೈ ಇಲ್ಲ. ಕೈ ಎಲ್ಲಿ?"

ಅವನು ಕುಂಚ ಎತ್ತಿದ. ಕೈ ಬರೆಯಲು ನೂಲಿನಲ್ಲಿ ಜಾಗವಿರಲಿಲ್ಲ, ಮುಖದ ಕೆಳಗೆ ಬೆಳ್ಳಕ್ಕಿ ಇತ್ತು. ಅವನು ಕುಂಚ ಬಿಸಾಡಿ ತನ್ನ ಕೈಯನ್ನೇ ಅವಳ ಮುಖದ ಮೇಲೆ ಚಾಚಿ ಹಿಡಿದ, ಅಂಗೈ ಅವಳ ಕಡೆಗೆ, ಬೆರಳು ಕೆಳಗೆ. ಅವಳು ನನ್ನ ಕೈ ಬಿಟ್ಟು ಅದನ್ನು ಹಿಡಿದಳು. ಬೈಯಲಿಲ್ಲ. ಹೋದದ್ದು ಯಾವಾಗ ಎಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಅವಳನ್ನು ಮಣ್ಣು ಮಾಡಿದ ಮೂರನೆಯ ದಿನಕ್ಕೆ ಅವನು ನಮ್ಮ ಅಂಗಳಕ್ಕೆ ಬಂದ. ಗಡ್ಡದಲ್ಲಿ ಮಸಿ ಹಾಗೇ ಇತ್ತು. ಮೋಡಕ್ಕೆ ನೀಲಿ ಬೇಕು, ಬಿಳಿ ಬೇಕು ಎಂದ.

"ಆ ಮುಖ?" ಎಂದೆ. "ಹಾಸುನೂಲು ಪೂರ್ತಿ ಮಸಿ ಆಗಿದೆ. ಬದಲಿಸಲ್ವಾ?"

"ಬದಲಿಸೋಕಾಗಲ್ಲ. ನೇಯ್ದ್ರೆ ಹೊಕ್ಕುನೂಲು ಹಾಸನ್ನ ಪೂರ್ತಿ ಮುಚ್ಚುತ್ತೆ. ಕಾಣಲ್ಲ."

"ಅವಳಿಗೆ ಅಂತ ಬರೆದಿದ್ದು ಅಣ್ಣ ಅದು."

"ಗೊತ್ತು," ಎಂದ. "ಯಾನ್ ನಾಡಿದ್ದು ಬರ್ತಾನೆ."

ನಾನು ನೂಲು ಕೊಟ್ಟೆ. ಜೊತೆಗೇ ಹೋಗಿ ಕೂತೆ, ಅವನು ಹೋಗೆನ್ನಲಿಲ್ಲ. ಅವನು ಒಂದೊಂದೇ ಎಳೆ ಹಾಕಿ ಬಾಚಣಿಗೆಯಲ್ಲಿ ಬಡಿದ. ಸೊಟ್ಟ ತುಟಿ ಮೋಡದ ಕೆಳಗೆ ಹೋಯಿತು, ಮೂಗು ಹೋಯಿತು. ಕೆಳಗಿನ ಕಣ್ಣು ಮುಚ್ಚಿದ ಮೇಲೆ ಮೇಲಿನದು ಒಂದೇ ಸ್ವಲ್ಪ ಹೊತ್ತು ಉಳಿಯಿತು. ಅದರ ಹತ್ತಿರ ಬಂದಾಗ ಅವನ ಲಾಳಿ ನಿಂತಿತು, ಮತ್ತೆ ಹೊರಟಿತು. ಅಳುತ್ತಿದ್ದವಳು ನಾನು, ಅವನಲ್ಲ.

ಯಾನ್ ಬಂದು ಚೌಕವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಕೆರೆದು ನೋಡಿದ. ಮೋಡ ಬಹಳ ಚೆನ್ನಾಗಿ ಬಂದಿದೆ ಎಂದ. ಅದು ಉತ್ತರದ ಯಾವುದೋ ಊರಿಗೆ ಹೋಯಿತು. ಅಲ್ಲಿ ಒಬ್ಬ ಅಧಿಕಾರಿ ಅದನ್ನು ಎದೆಯ ಮೇಲೆ ಹೊಲಿಸಿಕೊಂಡು ಕಚೇರಿಗೆ ಹೋಗಿಬರುತ್ತಾನಂತೆ.